ಸರ್ಪಸುತ್ತು ವಾಸಿಯಾದ ಮೇಲೆ

ನನಗೆ ಸರ್ಪಸುತ್ತು ಆದಾಗ ಐವತ್ತನಾಲ್ಕು ವರ್ಷ. ಕೊಕ್ಕರೆ ಬೆಳ್ಳೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಗಂಡನಿಗೆ ಕಬ್ಬಿನ ಗದ್ದೆ. ನಾನು ಊರಿನ ಮಹಿಳಾ ಹಾಲಿನ ಡೈರಿಯ ಕಾರ್ಯದರ್ಶಿ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ದಿನಕ್ಕೆ ಎರಡು ಹೊತ್ತು ಹೆಂಗಸರು ತಂದ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟು ನೋಡುತ್ತೇನೆ, ನೀರು ಬಿದ್ದಿದ್ದರೆ ಎಲ್ಲರ ಎದುರಿಗೇ ವಾಪಸು ಕಳಿಸುತ್ತೇನೆ. ಮುಖ ನೋಡಿ ಮಣೆ ಹಾಕುವ ಅಭ್ಯಾಸ ನನಗಿಲ್ಲ. ಬಾಣಂತಿ ಇರುವ ಮನೆಯ ಹಾಲನ್ನೂ ವಾಪಸು ಕಳಿಸಿದ್ದೇನೆ. ಊರಿನವರಿಗೆ ನನ್ನನ್ನು ಕಂಡರೆ ಭಯವಿತ್ತು. ಆ ಭಯ ನನಗೆ ಇಷ್ಟವಾಗಿತ್ತು.

ನಮಗೆ ಮಕ್ಕಳಿಲ್ಲ. ನನ್ನವರು ಅಂತ ಇದ್ದದ್ದು ಒಬ್ಬಳೇ ತಂಗಿ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳು ಮಳವಳ್ಳಿಯಲ್ಲಿದ್ದಾಳೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು, ಬ್ಲೌಸು ಹೊಲಿದು, ಮಗಳನ್ನು ಓದಿಸಿ ಕೊಳ್ಳೇಗಾಲದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದಳು. ಮಳವಳ್ಳಿಯಲ್ಲಿ ಅವಳ ಹೊಲಿಗೆಗೆ ಹೆಸರಿತ್ತು. ಅಳತೆಯ ಬ್ಲೌಸು ಕೊಡದಿದ್ದರೂ ಒಂದು ಸಲ ಮೈ ನೋಡಿ ಕತ್ತರಿಸಬಲ್ಲಳು ಎನ್ನುತ್ತಿದ್ದರು.

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಎಡ ಎದೆಯ ಕೆಳಗೆ ಒಂದು ಕಡೆ ಚರ್ಮ ಉರಿಯತೊಡಗಿತು. ಸೀರೆಯ ಸೆರಗು ತಾಗಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಗ್ಯಾಸು ಅಂದುಕೊಂಡು ಜೀರಿಗೆ ನೀರು ಕುಡಿದೆ. ನಾಲ್ಕನೆಯ ದಿನ ಸ್ನಾನ ಮಾಡುವಾಗ ಕೈಗೆ ನೀರುಗುಳ್ಳೆ ಸಿಕ್ಕವು. ಎದೆಯ ಕೆಳಗಿನಿಂದ ಪಕ್ಕೆ ಹಾದು ಬೆನ್ನಿನವರೆಗೆ, ಸಾಲಾಗಿ ರಾಗಿ ಕಾಳು ಚೆಲ್ಲಿದಂತೆ. ಡೈರಿಗೆ ಬಂದ ಹೆಂಗಸರು ಒಂದೇ ಮಾತಿನಲ್ಲಿ ಹೇಳಿದರು: ಸರ್ಪಸುತ್ತು.

ನಮ್ಮೂರಿನ ಕುಂಬಾರರ ಮನೆಯ ಅಜ್ಜಿ ಇದಕ್ಕೆ ಕೆಮ್ಮಣ್ಣು ಹಚ್ಚುತ್ತಿದ್ದಳು. ಗುಳ್ಳೆಗಳ ಎರಡು ತುದಿಗೂ ಗೆರೆ ಎಳೆದು ಏನೋ ಗೊಣಗಿ, ನನ್ನ ಗಂಡನ ಕಡೆ ತಿರುಗಿ ಹೇಳಿದಳು:

“ತಲೆನೂ ಬಾಲಾನೂ ಕೂಡಕ್ಕೆ ಬುಡಬಾರ್ದು ಕಣಪ್ಪ. ಸುತ್ತು ಕೂಡ್ಕಂಡ್ರೆ ಜೀವಕ್ಕೆ ಒಳ್ಳೇದಲ್ಲ.”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಸುದ್ದಿ ಕೇಳಿ ಮಳವಳ್ಳಿಯಿಂದ ಬಂದ ತಂಗಿಯ ಚೀಲದಲ್ಲಿ ಅಳತೆ ಟೇಪು ಇತ್ತು. ಅದನ್ನು ಕಸಿದುಕೊಂಡು, ಬೆನ್ನಿನ ಕೊನೆಯ ಗುಳ್ಳೆಗೂ ಎದೆಯ ಮೊದಲ ಗುಳ್ಳೆಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂದು ದಿನಕ್ಕೆ ಎರಡು ಸಲ ಅವಳಿಂದ ಅಳತೆ ಮಾಡಿಸುತ್ತಿದ್ದೆ. ಬಲಗಡೆ ಪೂರ್ತಿ ಖಾಲಿಯಿತ್ತು. ಆದರೂ ಅಳತೆ ಮಾಡಿಸುತ್ತಿದ್ದೆ.

“ಅಕ್ಕ, ನೆನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಅದೆ. ಡಾಕ್ಟ್ರು ತಾವ ಓಗನ ನಡಿ” ಎಂದು ತಂಗಿ ಅಂದಳು.

ಮದ್ದೂರಿನ ಡಾಕ್ಟರಮ್ಮನ ಹತ್ತಿರ ಹೋಗುವಷ್ಟರಲ್ಲಿ ಗುಳ್ಳೆ ಎದ್ದು ಆರು ದಿನ ಆಗಿತ್ತು. ಆಕೆ ಕೆಮ್ಮಣ್ಣನ್ನು ಹತ್ತಿಯಿಂದ ಒರೆಸಿ, “ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಹಿಡಿಯುತ್ತಿತ್ತು. ಇದು ಹಾವಿನ ಶಾಪವೂ ಅಲ್ಲ, ಸುತ್ತು ಕೂಡಿ ಯಾರೂ ಸಾಯುವುದೂ ಇಲ್ಲ. ಚಿಕ್ಕವರಿದ್ದಾಗ ಸೀತಾಳೆ ಸಿಡುಬು ಆಗಿತ್ತಲ್ಲ, ಅದೇ ವಿಷ ನರದಲ್ಲಿ ಮಲಗಿದ್ದು ಈಗ ಎದ್ದಿದೆ” ಎಂದರು. ಮಾತ್ರೆ ಬರೆದುಕೊಟ್ಟರು. ಗುಳ್ಳೆ ಒಡೆದು, ಹಕ್ಕಳೆ ಕಟ್ಟಿ, ಮೂರು ವಾರಕ್ಕೆ ಉದುರಿದವು. ಊರಿನವರೆಲ್ಲ ವಾಸಿಯಾಯಿತು ಅಂದರು.

ಉರಿ ಮಾತ್ರ ಹೋಗಲಿಲ್ಲ.

ಚರ್ಮದ ಮೇಲೆ ಸ್ವಲ್ಪ ಬಿಳಿಚಿದ ಕಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಮೂರು ಬಗೆಯ ನೋವು. ಒಂದು, ಹೊತ್ತುಹೊತ್ತಿಗೆ ಕಾದ ಸೌಟು ಇಟ್ಟ ಹಾಗೆ ಉರಿ. ಇನ್ನೊಂದು ಯಾವಾಗ ಬರುತ್ತದೆಂದು ಗೊತ್ತಿಲ್ಲದ ಕರೆಂಟು. ಹಾಲಿನ ಕ್ಯಾನು ಎತ್ತುವಾಗ ಬೆನ್ನಿನಿಂದ ಎದೆಗೆ ಹೊಡೆದು ಕ್ಯಾನು ಕೈಬಿಟ್ಟದ್ದೂ ಉಂಟು. ಮೂರನೆಯದು ಅತ್ತ ನೋವೂ ಅಲ್ಲದ, ಇತ್ತ ತುರಿಕೆಯೂ ಅಲ್ಲದ ಇರುವೆ ಹರಿದಾಟ. ಕೆರೆದರೆ ಉರಿ, ಕೆರೆಯದಿದ್ದರೆ ಹುಚ್ಚು ಹಿಡಿಯುವುದು. ಫ್ಯಾನಿನ ಗಾಳಿಯೂ ತಾಗುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ನಿಲ್ಲಿಸಿ ಕೂರುತ್ತಿದ್ದೆ. ಗಂಡ ಬೆವರು ಒರೆಸಿಕೊಳ್ಳುತ್ತಾ ಜಗಲಿಗೆ ಎದ್ದು ಹೋಗುತ್ತಿದ್ದ.

“ಗಾಯ ಆರಿದೆ, ನರ ಆರಿಲ್ಲ” ಎಂದರು ಡಾಕ್ಟರಮ್ಮ. “ಮೂರು ತಿಂಗಳಿಗೂ ಹೋಗಬಹುದು, ವರ್ಷಗಟ್ಟಲೆ ಇರಲೂಬಹುದು. ಮಾತ್ರೆ ಕೊಡುತ್ತೇನೆ, ಕಮ್ಮಿ ಮಾಡುತ್ತೆ. ಇದರಿಂದ ಜೀವಕ್ಕೆ ಏನೂ ಇಲ್ಲ.”

ನರದ ಮಾತ್ರೆ ತಿಂದು ತೂಕಡಿಸುತ್ತಾ ಡೈರಿಯಲ್ಲಿ ಕೂತೆ. ಒಂದು ಬೆಳಿಗ್ಗೆ ಹಾಲಿನ ಫ್ಯಾಟು ಬರೆಯುವಾಗ ಒಬ್ಬಳ ಲೆಕ್ಕ ಇನ್ನೊಬ್ಬಳಿಗೆ ಹಾಕಿದೆ. ಹೆಂಗಸರು ನನ್ನ ಹಿಂದೆ ನಕ್ಕರು.

ಯಾವ ಬ್ಲೌಸೂ ತೊಡಲಾಗುತ್ತಿರಲಿಲ್ಲ. ತಂಗಿ ಹಳೆಯ ಪಂಚೆಯ ಬಟ್ಟೆಯನ್ನು ಹತ್ತು ಸಲ ಒಗೆದು ಮೆತ್ತಗೆ ಮಾಡಿ, ಎಡಗಡೆ ಒಂದು ಹೊಲಿಗೆಯೂ ಬರದ ಹಾಗೆ ಬ್ಲೌಸು ಹೊಲಿದು ತಂದಳು. ಕೊಕ್ಕೆಗಳನ್ನೆಲ್ಲ ಬಲ ಭುಜಕ್ಕೆ ಇಟ್ಟಿದ್ದಳು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ತೊಟ್ಟು ಅರ್ಧ ಗಂಟೆ ಆಗಿತ್ತು, ಇರುವೆ ಹರಿಯತೊಡಗಿತು. ಬಿಚ್ಚಿ ಅವಳ ಮಡಿಲಿಗೆ ಎಸೆದೆ.

“ಇದ್ನೂ ಒಂದು ಬಟ್ಟೆ ಅಂತ ತಂದವಳೆ. ನಿಂಗೆ ನನ್ ಉರಿ ಗೊತ್ತಾಗಿದ್ರೆ ತಾನೇ?”

ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಮುಂದಿನ ವಾರ ಇನ್ನೊಂದು ತಂದಳು. ಅಂಥವು ನಾಲ್ಕು ಹೊಲಿದಳು. ನಾಲ್ಕನೆಯದನ್ನು ಇವತ್ತಿಗೂ ತೊಡುತ್ತೇನೆ. ಚೆನ್ನಾಗಿದೆ ಎಂದು ನಾನು ಅವಳಿಗೆ ಹೇಳಲಿಲ್ಲ.

ನೋವಿಗಿಂತ ಹೆಚ್ಚಾಗಿ ನನ್ನನ್ನು ಕೆಡಿಸಿದ್ದು ಭಯ. ಬರೀ ನರದ ನೋವು ಇಷ್ಟು ದಿನ ಇರಲು ಸಾಧ್ಯವಿಲ್ಲ, ಒಳಗೆ ಇನ್ನೇನೋ ಇದೆ, ಡಾಕ್ಟರಮ್ಮನಿಗೆ ತಿಳಿಯುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರೆ ಅದರ ಹಿಂದೆ ಹತ್ತು ಬರುತ್ತಿದ್ದವು. ಎಡಗಡೆ ಉರಿ ಎಂದರೆ ಹೃದಯ. ಬೆನ್ನು ಎಂದರೆ ಬೆನ್ನುಹುರಿಯ ಗಡ್ಡೆ. ಕಾಲು ಜೋಮು ಹಿಡಿದರೆ ಲಕ್ವ. ಬಿ.ಪಿ. ಮಿಷಿನ್ ತರಿಸಿಕೊಂಡು ದಿನಕ್ಕೆ ಎಂಟು ಹತ್ತು ಸಲ ತೋಳಿಗೆ ಸುತ್ತಿಕೊಳ್ಳುತ್ತಿದ್ದೆ. ಕನ್ನಡಿಯ ಮುಂದೆ ನಾಲಿಗೆ ಚಾಚಿ ಬಣ್ಣ ನೋಡುತ್ತಿದ್ದೆ. ಉಗುರು, ಕಣ್ಣಿನ ಬಿಳುಪು, ಕತ್ತಿನ ಗಂಟು, ಎಲ್ಲ ನೋಡುತ್ತಿದ್ದೆ. ಊರಿನಲ್ಲಿ ಯಾರು ಸತ್ತರೂ ಏನಾಗಿತ್ತು, ಮೊದಲು ಎಲ್ಲಿ ನೋವು ಬಂತು ಎಂದು ವಿಚಾರಿಸಿಕೊಂಡು ಬಂದು ನನ್ನ ಮೈಯಲ್ಲಿ ಅದನ್ನು ಹುಡುಕುತ್ತಿದ್ದೆ.

ಹಾಲಿಗಾದರೆ ಒಂದು ಸಲ ಕಡ್ಡಿ ಬಿಟ್ಟರೆ ಮುಗಿಯಿತು. ನನ್ನ ಮೈಗೆ ಎಷ್ಟು ಪರೀಕ್ಷೆ ಮಾಡಿಸಿದರೂ ನಂಬಿಕೆ ಬರಲಿಲ್ಲ. ಇ.ಸಿ.ಜಿ., ಎಕೋ, ಎಕ್ಸರೇ, ಹೊಟ್ಟೆಯ ಸ್ಕ್ಯಾನು. ಒಂದರ ರಿಪೋರ್ಟು ಸರಿಯಿದೆ ಅಂದ ದಿನ ಸಂಜೆಯವರೆಗೆ ಸಮಾಧಾನ, ಮಾರನೆಯ ದಿನ ಬೇರೆ ಕಾಯಿಲೆ. ಪ್ರತಿಯೊಂದಕ್ಕೂ ಜೊತೆಗೆ ತಂಗಿ. ನಾನು ಫೋನು ಮಾಡಿದರೆ ಅವಳು ಕತ್ತರಿ ಕೆಳಗಿಟ್ಟು, ಮಳವಳ್ಳಿಯಿಂದ ಬಸ್ಸು ಹತ್ತಿ ಮದ್ದೂರಿನ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತಿದ್ದಳು. ಅಲ್ಲಿಂದ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಮಂಡ್ಯಕ್ಕೆ. ಬಸ್ಸಿನಲ್ಲಿ ಅವಳು ನನ್ನ ಎಡಗಡೆ ಕೂರುತ್ತಿದ್ದಳು, ಬೇರೆ ಯಾರೂ ಆ ಪಕ್ಕಕ್ಕೆ ಒರಗದಿರಲಿ ಎಂದು. ದಾರಿಯುದ್ದಕ್ಕೂ ನಾನು ನನ್ನ ಕಾಯಿಲೆ ಹೇಳುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು. ಎಂಟು ತಿಂಗಳಲ್ಲಿ ಅವಳ ಬಗ್ಗೆ ಒಂದು ಮಾತು ಕೇಳಿದ ನೆನಪು ನನಗಿಲ್ಲ. ಮಗಳು ಬಸುರಿ ಎಂದು ಅವಳಾಗಿ ಹೇಳಿದಾಗಲೂ, ಬಸುರಿನಲ್ಲಿ ನಮ್ಮಮ್ಮನಿಗೆ ಯಾವ ಕಾಯಿಲೆ ಬಂದಿತ್ತು, ಅದು ನನಗೂ ಬರಬಹುದೇ ಎಂದು ನಾನು ಕೇಳಿದ್ದೆ.

ಬೆನ್ನಿನ ಎಂ.ಆರ್.ಐ. ಮಾಡಿಸಲು ಮಂಡ್ಯದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಾಯುತ್ತಿದ್ದ ದಿನ ಅದು. ದಸರಾ ಮುಗಿದಿತ್ತು. ನಮ್ಮ ಮುಂದೆ ಇನ್ನೂ ನಾಲ್ಕು ಜನ ಇದ್ದರು. ತಂಗಿ ನನ್ನ ಫೈಲು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು, ತನ್ನ ಬಲಗೈಯನ್ನು ಎಡ ಕಂಕುಳಿಗೆ ಒಯ್ದು, ಮೆಲ್ಲಗೆ ಅಂದಳು:

“ಅಕ್ಕ, ಡಾಕ್ಟ್ರು ತಾವ ಓದಾಗ ನಂದೂ ಒಂದ್ಮಾತು ಕೇಳ್ಬುಡನ ಅಂತ. ಇಲ್ಲಿ ಎದೆ ಪಕ್ಕ ಒಂದು ಗಂಟು ಕೈಗೆ ಸಿಗ್ತದೆ. ನೋವೇನಿಲ್ಲ.”

ನನಗೆ ಸಿಟ್ಟು ಬಂತು. ನನ್ನ ಸರದಿಯಲ್ಲಿ ಇವಳು ಬಂದು ತೂರಿಕೊಳ್ಳುತ್ತಿದ್ದಾಳೆ ಎನ್ನಿಸಿತು. ಅಷ್ಟೇ. ಬೇರೆ ಏನೂ ಅನ್ನಿಸಲಿಲ್ಲ.

“ನಿಂಗೇನಾಗಯ್ತೆ? ಕಲ್ಲುಗುಂಡಿನಂಗಿದ್ದೀಯ. ದಿನೆಲ್ಲಾ ಬಗ್ಗಿ ಮಿಷಿನ್ ತುಳಿತೀಯ, ನರ ಗಂಟು ಕಟ್ಟಿರ್ತದೆ. ನಾನಿಲ್ಲಿ ಸಾಯ್ತಾ ಕುಂತಿವ್ನಿ, ನಿಂದೊಂದು ತಗಂಡು ಬರಬ್ಯಾಡ.”

ಪಕ್ಕದಲ್ಲಿದ್ದ ಹೆಂಗಸು ನಮ್ಮ ಕಡೆ ತಿರುಗಿ ನೋಡಿದಳು. ತಂಗಿ ಕೈ ಇಳಿಸಿ ಫೈಲಿನ ಮೇಲಿಟ್ಟುಕೊಂಡಳು.

“ಆಯ್ತು ಬುಡಕ್ಕ.”

ನನ್ನ ಎಂ.ಆರ್.ಐ. ಸರಿಯಿತ್ತು. ಹೊರಗೆ ಬಂದ ಮೇಲೆ ಅವಳು ನನಗೆ ಎಳನೀರು ಕೊಡಿಸಿ, “ನೋಡ್ದಾ, ಏನೂ ಇಲ್ಲ” ಎಂದು ನಕ್ಕಳು. ಆ ಮಿಷಿನ್ನು ಹಳೆಯದು, ಮೈಸೂರಿನಲ್ಲಿ ಇನ್ನೊಂದು ಸಲ ಮಾಡಿಸಬೇಕು ಎಂದು ನಾನು ಅಂದೆ.

ದೀಪಾವಳಿಯ ನಂತರ ಅವಳು ಬರುವುದು ಕಮ್ಮಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ನಿಂತೇ ಹೋಯಿತು. ಫೋನು ಮಾಡಿದರೆ ಹೊಲಿಗೆ ರಾಶಿ ಬಿದ್ದಿದೆ, ಮಗಳ ಸೀಮಂತ, ಮಗಳ ಹೆರಿಗೆ ಎಂದು ಒಂದೊಂದು ಕಾರಣ.

“ನಾನು ಸತ್ತಾಗಾದ್ರೂ ಬಿಡುವು ಮಾಡ್ಕತೀಯಾ?” ಎಂದು ಒಂದು ದಿನ ಕೇಳಿದೆ.

“ನೀನು ಸಾಯಕ್ಕಿಲ್ಲ ಕಣಕ್ಕ” ಎಂದಳು. ನಾನು ಬಾಯಿಗೆ ಬಂದದ್ದು ಬೈದು ಫೋನು ಇಟ್ಟೆ. ಒಂದು ತಿಂಗಳು ಮಾತಾಡಲಿಲ್ಲ.

ಆ ತಿಂಗಳಲ್ಲಿ ನನ್ನ ಗಂಡ ಎರಡು ಸಲ, ಕಬ್ಬು ಕಡಿಯುವ ಆಳುಗಳನ್ನು ನೋಡಿಬರುತ್ತೇನೆಂದು ಹೋಗಿ ಎರಡೆರಡು ದಿನ ಬರಲಿಲ್ಲ. ಅವನು ಇಲ್ಲದಿದ್ದಾಗ ನನಗೆ ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಜಗಳ ಆಡಿದೆ. ಅದಕ್ಕಿಂತ ಮುಂದಕ್ಕೆ ನಾನು ಯೋಚಿಸಲಿಲ್ಲ.

ಸುದ್ದಿ ಸಿಕ್ಕಿದ್ದು ಡೈರಿಯಲ್ಲಿ. ಬೆಳಗಿನ ಹಾಲಿನ ಹೊತ್ತು, ಸಾಲಿನಲ್ಲಿ ಹನ್ನೆರಡು ಹದಿಮೂರು ಹೆಂಗಸರು. ನಾನು ಹಿಂದೆ ಎಷ್ಟೋ ಸಲ ಹಾಲು ವಾಪಸು ಕಳಿಸಿದ್ದ ಒಬ್ಬಾಕೆ ತನ್ನ ಕ್ಯಾನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಕೇಳಿದಳು:

“ಅಲ್ಲ ಕಣಮ್ಮ ಸೆಕ್ರೆಟ್ರಿ, ನಿನ್ ತಂಗಿಗೆ ಮೈಸೂರ್ನಲ್ಲಿ ಮೊಲೆ ತೆಗ್ದವ್ರಂತೆ, ನೀನು ಇಲ್ಲಿ ಹಾಲು ಅಳೀತಾ ನಿಂತಿದ್ದೀಯ?”

ನಾನು ಅವಳ ಮುಖ ನೋಡಿದೆ.

“ಗೊತ್ತಿಲ್ವಾ? ನಿನ್ ಗಂಡಾನೇ ಜೊತೇಲಿದ್ದಿದ್ದು. ನಮ್ ಮೈದ್ನ ಆಸ್ಪತ್ರೆಲಿ ನೋಡ್ಕಂಡು ಬಂದವ್ನೆ. ಮನೆಯೋರ್ಗೇ ಏಳಿಲ್ಲ ಅಂದ್ರೆ ಏನೋ ಇರ್ಬೇಕು ಬುಡು.”

ಸಾಲಿನಲ್ಲಿದ್ದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅವಳ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟೆ. ಹಾಲು ಸರಿಯಾಗಿಯೇ ಇತ್ತು. ಬರೆದುಕೊಟ್ಟೆ. ಉಳಿದವರದ್ದೂ ಮುಗಿಸಿದೆ. ಬಾಗಿಲು ಹಾಕಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ, ನನ್ನ ಎರಡೂ ಮೊಲೆಗಳನ್ನು ಒತ್ತಿ ಒತ್ತಿ ನೋಡಿಕೊಂಡದ್ದು. ಒಂದೇ ರಕ್ತ, ಅವಳಿಗೆ ಬಂದರೆ ನನಗೂ ಬರುತ್ತದೆ. ತಂಗಿಯ ಮುಖ ಕಣ್ಣಮುಂದೆ ಬಂದದ್ದು ಅದಾದ ಮೇಲೆ.

ಗಂಡ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಚೊಂಬು ಕೆಳಗಿಟ್ಟ.

“ಅವಳೇ ಬ್ಯಾಡ ಅಂದ್ಲು. ನಂಗೂ ಸರಿ ಅನ್ನುಸ್ತು. ನಿಂಗೇಳಿದ್ರೆ ನೀನು ನಿನ್ ಎದೆ ಇಡ್ಕಂಡು ಅಳ್ತಿದ್ದೆ. ನಾನು ಅವಳ್ನ ನೋಡ್ಕಳನಾ, ನಿನ್ನ ನೋಡ್ಕಳನಾ?”

ಅವನು ಆ ಮಾತು ಹೇಳುವಾಗ ನನ್ನ ಕೈ ಎದೆಯ ಮೇಲೇ ಇತ್ತು. ಅವನು ಅದನ್ನು ನೋಡಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಮಾರನೆಯ ದಿನ ನಾನು ಮಳವಳ್ಳಿಯ ಬಸ್ಸು ಹತ್ತಲಿಲ್ಲ. ಮಂಡ್ಯಕ್ಕೆ ಹೋಗಿ ನನ್ನ ಎದೆಯ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲ ಎಂದು ರಿಪೋರ್ಟು ಬಂದ ಮೇಲೆ, ನಾಲ್ಕನೆಯ ದಿನ, ಕಿತ್ತಳೆ ಹಣ್ಣು ತೆಗೆದುಕೊಂಡು ತಂಗಿಯ ಮನೆಗೆ ಹೋದೆ.

ಅವಳು ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ದಿಂಬಿನ ಮೇಲಿತ್ತು. ಕಂಕುಳಿನಿಂದ ಒಂದು ಸಣ್ಣ ನಳಿಕೆ ಇಳಿದು ಅದರ ತುದಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಂಪಗಿನ ನೀರು. ಮಗಳು ಅತ್ತೆಯ ಮನೆಯಲ್ಲೇ ಹಸಿ ಬಾಣಂತಿ, ಅವಳಿಗೂ ಹೇಳಿರಲಿಲ್ಲ. ಪಕ್ಕದ ಮನೆಯಾಕೆ ಅನ್ನ ಸಾರು ಕೊಡುತ್ತಿದ್ದಳು. ಹೊಲಿಗೆ ಮಿಷಿನ್ ಮೇಲೆ ಬೆಡ್‌ಶೀಟು ಹೊದಿಸಿತ್ತು.

“ಬಾ” ಎಂದಳು. “ನಿನ್ ರಿಪೋರ್ಟು ಬಂತಾ?”

ನನ್ನ ಗಂಡ ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದ.

“ಬಂತು.”

“ಏನಂತೆ?”

“ಏನಿಲ್ವಂತೆ.”

“ಅಂಗಾದ್ರೆ ಈಗ ನನ್ನ ನೋಡಕ್ಕೆ ಬಂದೆ.”

ನಾನು ಅಳಲು ಶುರು ಮಾಡಿದೆ. ಅವಳು ಅಳಲಿಲ್ಲ. ನನ್ನ ಅಳು ಮುಗಿಯುವವರೆಗೆ ಬಾಗಿಲ ಕಡೆ ನೋಡುತ್ತಾ ಕೂತಿದ್ದಳು. ಆಮೇಲೆ ಹೇಳಿದಳು:

“ವಸಿ ಮುಂಚೆ ಬಂದಿದ್ರೆ ಗಂಟು ಮಾತ್ರ ತೆಗ್ದು ಬುಡ್ಬೋದಿತ್ತು ಅಂದ್ರು. ಮಂಡ್ಯದಲ್ಲಿ ಕುಂತಿದ್ದಾಗ ನಿಂಗೇಳ್ದೆ. ನೀನು ಬ್ಯಾಡ ಅಂದೆ. ನೀನಂದೆ ಅಂತ ನಾನು ಮೂರು ತಿಂಗ್ಳು ಸುಮ್ಕಿದ್ನಲ್ಲ, ಅದು ನನ್ ಗ್ಯಾನಗೇಡು. ನಿನ್ ಮೇಲೆ ಆಕಕ್ಕಿಲ್ಲ. ವಾರಕ್ಕೊಂದ್ಸಲ ಬತ್ತೀನಿ ಅಂದ್ರೆ ಬಾ. ಆದ್ರೆ ನನ್ ಮನೆ ಒಳ್ಗೆ ನಿನ್ ಉರಿ, ನಿನ್ ನೋವು, ನಿನ್ ಸ್ಕ್ಯಾನು, ಒಂದ್ ಮಾತೂ ಎತ್ಬಾರ್ದು. ಎತ್ತಿದ್ ದಿನ ಕತ್ತಿಡ್ದು ಆಚೆ ತಳ್ತೀನಿ.”

ಹೀಗೆ ಭಾನುವಾರಗಳು ಶುರುವಾದವು. ಬೆಳಗಿನ ಡೈರಿ ಮುಗಿಸಿ ಹೋಗುತ್ತಿದ್ದೆ, ಸಂಜೆಯ ಹಾಲಿಗೆ ವಾಪಸು. ಅವಳಿಗೆ ಕೀಮೋ ಶುರುವಾಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗುವುದು ನನ್ನ ಗಂಡನೇ. ನಾನು ಬರುತ್ತೇನೆ ಎಂದದ್ದಕ್ಕೆ “ಆಸ್ಪತ್ರೆ ವಾಸ್ನೆ ಕಂಡ್ರೆ ನಿಂಗೆ ಹತ್ತು ಕಾಯ್ಲೆ ಬತ್ತವೆ, ಬ್ಯಾಡ” ಎಂದುಬಿಟ್ಟಳು. ಭಾನುವಾರ ನಾನು ಪಾತ್ರೆ ತೊಳೆದು, ಮುದ್ದೆ ಸಾರು ಮಾಡಿ, ಅವಳ ಪಕ್ಕ ಕೂರುತ್ತಿದ್ದೆ. ಅವಳಿಗೆ ಸೆಕೆ, ಫ್ಯಾನು ಜೋರಾಗಿ ತಿರುಗುತ್ತಿತ್ತು. ಗಾಳಿ ನನ್ನ ಎಡ ಪಕ್ಕೆಯನ್ನು ಸುಡುತ್ತಿತ್ತು. ಕರೆಂಟು ಹೊಡೆದಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಅವಳು ನೋಡುತ್ತಿದ್ದಳು, ಗೊತ್ತಾಗುತ್ತಿತ್ತು. ಫ್ಯಾನು ಕಮ್ಮಿ ಮಾಡಲಿಲ್ಲ.

ನೆಂಟರು ಬರುತ್ತಿದ್ದರು. ಬ್ರೆಡ್ಡು, ಸೇಬು ಹಿಡಿದು ಬಂದು ಅವಳ ತಲೆ ಸವರಿ, “ಎಂಗಿದ್ದೀಯವ್ವ” ಎಂದು ಕಣ್ಣೀರು ಹಾಕುತ್ತಿದ್ದರು. ವರ್ಷವಿಡೀ ಸುಟ್ಟುಕೊಂಡ ನನ್ನನ್ನು ಕೇಳಿದವರಿಲ್ಲ. ಹಿಂದೆ ನನ್ನ ಕಾಯಿಲೆ ಹೇಳಿಕೊಂಡಾಗಲೆಲ್ಲ ಇದೇ ನೆಂಟರು ಮುಖ ಮುಖ ನೋಡಿಕೊಂಡಿದ್ದರು. ಇವಳ ಕಾಯಿಲೆಗೆ ಹೆಸರಿತ್ತು, ಬೋಳು ತಲೆಯಿತ್ತು, ಹೊಲಿಗೆಯ ಗುರುತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ವಾಂತಿ ಮಾಡಿ ಸುಸ್ತಾಗಿ ಮಲಗಿದ ತಂಗಿಯ ಬಾಯಿ ಒರೆಸುತ್ತಾ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಆದರೂ ಆ ಭಾನುವಾರಗಳಿಂದ ನನಗೆ ಉಪಯೋಗವಾಯಿತು ಎಂದು ಹೇಳಬೇಕು. ನೋವಿನ ಮಾತು ಎತ್ತದೆ ಮೊದಲ ದಿನ ಎರಡು ಗಂಟೆ ಕೂತೆ, ಸಾಯಲಿಲ್ಲ. ಆಮೇಲೆ ನಾಲ್ಕು ಗಂಟೆ. ಎರಡು ತಿಂಗಳಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಮದ್ದೂರು ಬಂದಾಗ, ಮಳವಳ್ಳಿ ಬಿಟ್ಟಾಗಿನಿಂದ ನನ್ನ ಎಡ ಪಕ್ಕೆಯ ನೆನಪೇ ಬಂದಿರಲಿಲ್ಲ ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ಉರಿಯಿತು. ಆದರೆ ಆ ಒಂದು ಗಂಟೆ ನಿಜ. ಡಾಕ್ಟರಮ್ಮನಿಗೆ ಹೇಳಿದೆ. “ನಾನು ಒಂದು ವರ್ಷದಿಂದ ಹೇಳುತ್ತಿದ್ದದ್ದು ಅದನ್ನೇ. ನೋವು ಇರಲಿ, ಅದನ್ನು ಕಾಯುತ್ತಾ ಕೂರಬೇಡಿ” ಎಂದರು. ಬಿ.ಪಿ. ಮಿಷಿನ್ನನ್ನು ಗಂಡನ ಕೈಗೆ ಕೊಟ್ಟು, ಎಲ್ಲಾದರೂ ಬಚ್ಚಿಡು ಎಂದೆ. ವಿಡಿಯೋ ನೋಡುವುದು ಪೂರ್ತಿ ಬಿಡಲಿಲ್ಲ, ಕಮ್ಮಿಯಾಯಿತು. ಮಾತ್ರೆ, ತಣ್ಣೀರು ಬಟ್ಟೆ, ತಂಗಿ ಹೊಲಿದ ಆ ಬ್ಲೌಸು, ಇಷ್ಟರಲ್ಲಿ ದಿನ ದೂಡಲು ಬಂತು.

ತಂಗಿಯ ಕೀಮೋ ಮುಗಿಯುವ ಹೊತ್ತಿಗೆ ಅವಳ ಬೆರಳುಗಳಿಗೆ ಜೋಮು ಹಿಡಿಯಿತು. ತುದಿಗಳಲ್ಲಿ ಸ್ಪರ್ಶವೇ ಇಲ್ಲ. ಲೋಟ ಜಾರುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅವಳು ತಿಂಗಳುಗಳ ನಂತರ ಮಿಷಿನ್ನಿನ ಮುಂದೆ ಕೂತಿದ್ದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ತೋರುಬೆರಳಿನಲ್ಲಿ ರಕ್ತ. ಸೂಜಿ ಚುಚ್ಚಿದ್ದು ಅವಳಿಗೆ ಗೊತ್ತಾಗಿರಲಿಲ್ಲ, ಬಟ್ಟೆಯ ಮೇಲೆ ಕಲೆ ಕಂಡ ಮೇಲೆ ತಿಳಿದಿತ್ತು.

“ಅಕ್ಕ, ಇಲ್ಲಿ ಬಾ, ಕುಂತ್ಕೊ” ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಹಳೆಯ ಮೆದುತನ ಕೇಳಿಸಿತು. “ಇದು ನರದ್ದಂತೆ. ಔಸ್ದಿಯಿಂದ ಆಗ್ತದಂತೆ. ಓಯ್ತದೆ, ಟೈಮು ಬೇಕು ಅಂತಾರೆ ಡಾಕ್ಟ್ರು. ಅವರು ಎಲ್ರಿಗೂ ಅಂಗೇ ಅಂತಾರೆ. ನೀನು ನರದ ನೋವು ಅನುಭವ್ಸಿರೋಳು. ನಿಂಗೆ ಗೊತ್ತಿರ್ತದೆ. ನಿಜ ಯೋಳು, ಇದು ಓಯ್ತದಾ?”

ಅಷ್ಟು ದಿನಗಳಲ್ಲಿ ನನ್ನ ಕಾಯಿಲೆ ನಿಜವಾದದ್ದು ಎಂದು ಅವಳು ಒಪ್ಪಿದ್ದು ಅದೊಂದೇ ಸಲ. ನಾನು ಅವಳ ಬೆರಳುಗಳನ್ನು ಹಿಡಿದುಕೊಂಡೆ. ಕೀಮೋದ ಜೋಮಿನ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಹೋಗುತ್ತದೆ ಎಂದು ಧೈರ್ಯ ಹೇಳಬಹುದಿತ್ತು.

“ಓಗಕ್ಕಿಲ್ಲ ಕಣವ್ವ” ಎಂದೆ. “ನರ ಒಂದ್ಸಲ ಕೆಟ್ರೆ ಮುಗೀತು. ನಂದು ನೋಡು, ಎರಡ್ನೇ ವರ್ಷ ನಡೀತಾ ಅದೆ. ವಸಿ ಕಮ್ಮಿ ಆದಂಗೆ ಆಯ್ತದೆ, ಓಗಕ್ಕಿಲ್ಲ. ಅದರ ಜೊತೇಲೆ ಬದುಕಾದು ಕಲ್ತ್ಕಬೇಕು.”

ಅವಳು ಕೈ ಹಿಂದಕ್ಕೆ ಎಳೆದುಕೊಂಡು ಬೆರಳುಗಳನ್ನು ನೋಡಿಕೊಂಡಳು.

“ಅಂಗಾದ್ರೆ ಈ ಮಿಷಿನ್ ಮಡಿಕಂಡು ಏನ್ ಮಾಡ್ಲಿ?” ಎಂದಳು.

ಆ ವಾರ ಮಾತ್ರೆ ಬರೆಸಿಕೊಳ್ಳಲು ಮದ್ದೂರಿಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. “ಅದು ಬೇರೆ, ನಿಮ್ಮದು ಬೇರೆ. ತುಂಬ ಜನಕ್ಕೆ ತಿಂಗಳುಗಳು ಕಳೆದಂತೆ ಇಳಿಯುತ್ತೆ. ಕೆಲವರಿಗೆ ಉಳಿಯುತ್ತೆ. ಈಗಲೇ ಏನೂ ಹೇಳಕ್ಕಾಗಲ್ಲ, ಕಾಯಬೇಕು” ಎಂದರು. ಅವತ್ತು ಬುಧವಾರ. ಫೋನು ನನ್ನ ಚೀಲದಲ್ಲೇ ಇತ್ತು. ಭಾನುವಾರ ಹೇಗೂ ಹೋಗುತ್ತೇನಲ್ಲ, ಆಗ ಹೇಳೋಣ ಎಂದುಕೊಂಡೆ.

ಭಾನುವಾರ ಹೋದಾಗ ಮುಂದಿನ ಕೋಣೆ ಖಾಲಿಯಿತ್ತು. ಮಿಷಿನ್ ಇದ್ದ ಕಡೆ ನೆಲದ ಮೇಲೆ ಅದರ ಕಾಲಿನ ನಾಲ್ಕು ಗುರುತು. ಶುಕ್ರವಾರ ಯಾರೋ ಕೊಂಡು ಒಯ್ದಿದ್ದರು. ಕತ್ತರಿ, ದಾರದ ಉಂಡೆ, ಎಲ್ಲ ಅದರ ಜೊತೆಗೇ ಕೊಟ್ಟಿದ್ದಳು. ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ಬೆರಳುಗಳಿಗೆ ಸ್ಪರ್ಶ ಬಂತು. ಮೊದಲು ಹೆಬ್ಬೆರಳು, ಆಮೇಲೆ ಒಂದೊಂದಾಗಿ. ಕೂದಲೂ ಬಂತು. ಮಳವಳ್ಳಿಯ ಗಿರಾಕಿಗಳು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಈಗ ಅವಳು ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಿಗ್ಗೆ ಕಂಪನಿಯ ಬಸ್ಸು, ಸಂಜೆ ಕಂಪನಿಯ ಬಸ್ಸು. ದಿನವಿಡೀ ಅಂಗಿಯ ಕಾಲರು ಮಾತ್ರ ಹೊಲಿಯುವುದು. ಮೈ ನೋಡಿ ಅಳತೆ ಹೇಳುತ್ತಿದ್ದವಳು.

ಈ ವರ್ಷ ಯುಗಾದಿ ಕಳೆದ ಭಾನುವಾರ ಊಟಕ್ಕೆ ಕೂತಿದ್ದಾಗ ಅವಳು ತನ್ನ ಬೆರಳುಗಳನ್ನು ಮುದುರಿ ಬಿಚ್ಚಿ ನೋಡಿಕೊಂಡು ಕೇಳಿದಳು:

“ಅಕ್ಕ, ಇದು ಓಗಕ್ಕಿಲ್ಲ ಅಂತ ನೀನು ಅಂದ್ಯಲ್ಲ. ನಿಂಗೆ ನಿಜವಾಗ್ಲೂ ಗೊತ್ತಿತ್ತಾ?”

“ಇಲ್ಲ.”

“ಮತ್ಯಾಕೆ ಅಂಗಂದೆ?”

ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ.

“ನಂಗೆ ಜೊತೆ ಬೇಕಿತ್ತು” ಎಂದೆ.

ಬೈಯುತ್ತಾಳೆ, ಕತ್ತು ಹಿಡಿದು ತಳ್ಳುತ್ತಾಳೆ ಎಂದುಕೊಂಡೆ. ಅವಳು ಸಾರಿನ ಸೌಟು ಎತ್ತಿ, “ವಸಿ ಆಕ್ಲಾ?” ಎಂದು ಕೇಳಿ ಬಡಿಸಿದಳು. ಊಟ ಮುಗಿಸಿ ಬಸ್ ಸ್ಟ್ಯಾಂಡಿನವರೆಗೂ ಬಂದು ಬಸ್ಸು ಹತ್ತಿಸಿದಳು.

ಆಮೇಲಿನ ಶನಿವಾರ ಫೋನು ಮಾಡಿ, ಇನ್ನು ಮೇಲೆ ಭಾನುವಾರವೂ ಗಾರ್ಮೆಂಟ್ಸಿನಲ್ಲಿ ಕೆಲಸ ಇರುತ್ತದೆ, ಬರಬೇಡ ಎಂದಳು. ನಮ್ಮೂರಿನಿಂದಲೂ ನಾಲ್ಕಾರು ಹೆಣ್ಣುಮಕ್ಕಳು ಅದೇ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೇರೆ ದಿನ ಆ ಹೊತ್ತಿಗೆ ಕಂಪನಿಯ ಬಸ್ಸು ಹತ್ತಿಬಿಡುವ ಅವರು ಭಾನುವಾರ ಬೆಳಿಗ್ಗೆ ತಾವೇ ಡೈರಿಗೆ ಹಾಲು ತರುತ್ತಾರೆ. ಅವರ ಹಾಲು ಅಳೆದು ಬರೆದುಕೊಡುತ್ತೇನೆ. ಇವತ್ತು ಕೆಲಸ ಇದೆಯಾ ಎಂದು ನಾನು ಕೇಳುವುದಿಲ್ಲ.